ಯಾವ ಕೋಣೆಗೆ ಯಾವ ಎಣ್ಣೆ

ಮಾರ್ಚ್ 3, ಸೋಮವಾರ

ಇಂದು ನಾನು ಕನ್ನಡಕ್ಕೆ ತಂದ ಕೈಪಿಡಿ ಅಚ್ಚಾಗಿ ಬಂದಿತು. ನಲವತ್ತೆಂಟು ಪುಟ, ನುಣುಪಾದ ಹೊದಿಕೆ. ಒಳಗೆ ಎಲ್ಲಿಯೂ ನನ್ನ ಹೆಸರಿಲ್ಲ. ಹದಿನೇಳು ವರ್ಷಗಳಲ್ಲಿ ಎಂದೂ ಇದ್ದದ್ದಿಲ್ಲ. ಆದರೂ ಪ್ರತಿ ಕೈಗೆ ಬಂದಾಗ ಇದು ನನ್ನದು ಎಂಬ ಹಿಗ್ಗು ಇದ್ದೇ ಇರುತ್ತದೆ. ಬೆಟ್ಟ, ಕೆಸರು, ಕಲ್ಲುಮಣ್ಣಿನ ಕಚ್ಚಾ ದಾರಿಗೆಂದೇ ಮಾಡಿದ ದ್ವಿಚಕ್ರ ವಾಹನವಿದು. ನಾನಂತೂ ಅದನ್ನು ಏರುವುದಿರಲಿ, ಬಟ್ಟೆಗೆ ಮಸಿ ತಗುಲೀತೆಂದು ಎರಡಡಿ ದೂರವೇ ನಿಲ್ಲುವವಳು. ಯಂತ್ರ ಅವರದು, ಭಾಷೆ ನನ್ನದು.

ಎಲ್ಲಕ್ಕಿಂತ ಮೂವತ್ತೊಂದನೆಯ ಪುಟ, ‘ಸೂಕ್ತ ತೈಲದ ಆಯ್ಕೆ’, ನನಗೆ ತೃಪ್ತಿ ಕೊಟ್ಟಿದೆ. ಈ ವಾಹನದ ಒಡಲಲ್ಲಿ ಎರಡು ಪ್ರತ್ಯೇಕ ಕೋಶಗಳು. ಒಂದರಲ್ಲಿ ಎಂಜಿನ್ನು, ಇನ್ನೊಂದರಲ್ಲಿ ಗೇರು ಮತ್ತು ಕ್ಲಚ್ಚು. ಒಂದರ ತೈಲ ಇನ್ನೊಂದಕ್ಕೆ ಸಲ್ಲದು. ಎಂಜಿನ್ನಿಗೆ ಹೆಚ್ಚು ಜಾರುವ ತೈಲ ಹಿತ. ಕ್ಲಚ್ಚಿಗೆ ಅದು ಕೂಡದು. ಮೂಲದಲ್ಲಿ ಇದನ್ನು ಎರಡು ಚಿತ್ರ ಹಾಕಿ ಒರಟೊರಟಾಗಿ ಹೇಳಿದ್ದರು. ನಾನು ಎಂಜಿನ್ನಿನದಕ್ಕೆ ‘ಚಾಲಕ ಕೋಶ’ ಎಂದೂ ಕ್ಲಚ್ಚಿನದಕ್ಕೆ ‘ಚಾಲಿತ ಕೋಶ’ ಎಂದೂ ಹೆಸರಿಟ್ಟೆ. ಓಡಿಸುವುದು ಒಂದು, ಓಡಿಸಲ್ಪಡುವುದು ಇನ್ನೊಂದು. ಜಾರಿಕೆಯ ಮದ್ದು ಬೆರೆತ ತೈಲ ‘ಘರ್ಷಣಶಾಮಕಯುಕ್ತ’, ಬೆರೆಯದ್ದು ‘ಘರ್ಷಣಶಾಮಕಮುಕ್ತ’. ಚಾಲಕಕ್ಕೆ ಯುಕ್ತ, ಚಾಲಿತಕ್ಕೆ ಮುಕ್ತ. ಪುಟ ಉಳಿಸಲು ಚಿತ್ರಗಳನ್ನು ತೆಗೆದುಹಾಕಲೇ ಎಂದು ಮ್ಯಾನೇಜರು ಕೇಳಿದಾಗ, ಪದಗಳೇ ಇಷ್ಟು ಸ್ಪಷ್ಟವಾಗಿರುವಾಗ ಚಿತ್ರವೇಕೆ ಎಂದಿದ್ದೆ.

ಮ್ಯಾನೇಜರು ಆ ಪುಟವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. “ಏನ್ ಮೇಡಂ, ಆಯಿಲ್ ಹಾಕೋದೂ ಪದ್ಯದ ಹಾಗೆ ಕೇಳಿಸ್ತಾ ಇದೆಯಲ್ಲ!” ಎಂದರು. ಎಲ್ಲರೂ ನಕ್ಕರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಮನೆಗೆ ಬಂದು ಅಕ್ಕನಿಗೆ ತೋರಿಸಿದೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ಪಂಡಿತಮ್ಮನೋರೇ, ಅಲ್ಲಿಡಿ, ಆಮೇಲೆ ನೋಡ್ತೀನಿ” ಎಂದಳು. ನೋಡಲಿಲ್ಲ.

ಮಾರ್ಚ್ 21, ಶುಕ್ರವಾರ

ದೂರು ಬಂದಿದೆ.

ಬರೆದವರು ಯಾರೋ ಒಬ್ಬ ಪಶುವೈದ್ಯೆ. ಬೆಟ್ಟದ ಮೇಲಿನ ಕುರಿದೊಡ್ಡಿಗಳಿಗೆ ಹೋಗಿಬರಲು ಈ ವಾಹನ ಕೊಂಡಿದ್ದರಂತೆ. ಕೈಪಿಡಿ ಓದಿ ತಾವೇ ತೈಲ ಬದಲಿಸಿದರಂತೆ. ಮೂರನೆಯ ದಿನ ಕಡಿದಾದ ಏರಿನಲ್ಲಿ ವಾಹನ ಹಿಂದಕ್ಕೆ ಜಾರಿ ಅವರ ಮೇಲೆಯೇ ಬಿದ್ದಿದೆ. ಕಾಲು ಮುರಿದಿದೆ. ಕ್ಲಚ್ಚಿನ ಕಡೆ ತಪ್ಪು ತೈಲ ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದ್ದಾನೆ. ಕೊನೆಯ ಸಾಲು: ‘ನಾನು ನಿಮ್ಮ ಪುಸ್ತಕ ನೋಡಿಯೇ ಹಾಕಿದ್ದು.’

ಮ್ಯಾನೇಜರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, “ಮೂವತ್ತೊಂದನೇ ಪುಟ ನಿಮ್ದೇ ಅಲ್ವಾ?” ಎಂದರು. ಅಚ್ಚಿನಲ್ಲಿ ಸಾಲು ಅದಲುಬದಲಾಗಿರಬೇಕು ಎಂದುಕೊಂಡೆ. ಮೂಲವನ್ನೂ ಕೈಪಿಡಿಯನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದೆ. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯ ಸಲ ಗಟ್ಟಿಯಾಗಿ ಓದಿದೆ.

ತಪ್ಪಿಲ್ಲ! ಒಂದು ಅಕ್ಷರವೂ ತಪ್ಪಿಲ್ಲ. ಚಾಲಕಕ್ಕೆ ಯುಕ್ತ, ಚಾಲಿತಕ್ಕೆ ಮುಕ್ತ. ಮೂಲದಲ್ಲಿರುವುದೂ ಅದೇ.

ಎದೆಯ ಮೇಲಿನ ಕಲ್ಲು ಇಳಿಯಿತು. ಮ್ಯಾನೇಜರ ಮುಖವೂ ಅರಳಿತು. “ಹಾಗಾದ್ರೆ ಬರ್ದುಕೊಡಿ ಮೇಡಂ. ಪುಸ್ತಕ ಸರಿಯಾಗಿದೆ, ಓದಿದವರೇ ತಪ್ಪು ತಿಳ್ಕೊಂಡಿದ್ದಾರೆ ಅಂತ. ಚೆನ್ನಾಗಿ ಬರೀರಿ, ನಿಮಗೆ ಹೇಳ್ಕೊಡ್ಬೇಕಾ?” ಎಂದರು. ಅರ್ಧ ಗಂಟೆಯಲ್ಲಿ ಬರೆದೆ. ‘ಕೈಪಿಡಿಯು ನಿರ್ದುಷ್ಟವಾಗಿದ್ದು, ಗ್ರಾಹಕರ ಅನವಧಾನದ ಹೊಣೆ ಸಂಸ್ಥೆಗೆ ಸೇರುವುದಿಲ್ಲ’ ಎಂಬ ವಾಕ್ಯ ತಾನಾಗಿಯೇ ಬಂತು. ಕೆಳಗೆ ರುಜು ಹಾಕಿದೆ. ನನ್ನ ಹೆಸರು ಅಚ್ಚಿನಲ್ಲಿ ಬರುವುದಿಲ್ಲ, ರುಜುವಾದರೂ ಹೋಗಲಿ.

ಮಾರ್ಚ್ 24, ಸೋಮವಾರ

ಪತ್ರ ರವಾನೆಯಾಯಿತು. ನೀರೆತ್ತುವ ಪಂಪಿನ ಹೊಸ ಕೈಪಿಡಿ ಮೇಜಿಗೆ ಬಂದಿದೆ. ಬೇರೇನೂ ಇಲ್ಲ.

ಮಾರ್ಚ್ 29, ಶನಿವಾರ

ಇದನ್ನು ಹೇಗೆ ಬರೆಯಲಿ?

ಪಶುವೈದ್ಯೆ ನಮ್ಮ ಪತ್ರಕ್ಕೆ ಉತ್ತರ ಕೊಡಲಿಲ್ಲ. ಮೇಲಿನ ಕಚೇರಿಯವರು ಆಕೆಯ ಬಳಿಯಿರುವ ಕೈಪಿಡಿಯ ಪುಟದ ಫೋಟೋ ಕೇಳಿದರು. “ಹೆಂಗಸರು ಹೋದ್ರೆ ಮಾತು ಮೆತ್ತಗಿರತ್ತೆ” ಎಂದು ಮ್ಯಾನೇಜರು ನನ್ನನ್ನು ಆಸ್ಪತ್ರೆಗೆ ಕಳಿಸಿದರು. ಕಚೇರಿಯಿಂದ ಬಂದವಳು ಎಂದಷ್ಟೇ ಹೇಳಬೇಕು, ಬೇರೆ ಮಾತು ಬೇಡ ಎಂದು ಎಚ್ಚರಿಸಿದರು.

ಮೂರನೆಯ ಮಹಡಿ, ಕಿಟಕಿಯ ಪಕ್ಕದ ಹಾಸಿಗೆ. ಕಾಲು ಮುರಿದಿದೆ ಎಂದು ಓದಿದ್ದೆ. ಓದಿದ್ದೇ ಬೇರೆ, ನೋಡಿದ್ದೇ ಬೇರೆ. ಮಂಡಿಯಿಂದ ಪಾದದವರೆಗೆ ಹೊರಗಿನಿಂದ ಕಬ್ಬಿಣದ ಬಳೆಗಳು. ಅವುಗಳಿಂದ ಹೊರಟ ಸರಳುಗಳು ಚರ್ಮದೊಳಕ್ಕೆ ಹೋಗಿವೆ. ಸರಳು ಒಳಹೊಕ್ಕಲ್ಲೆಲ್ಲ ಹಳದಿ ಮದ್ದು. ನನ್ನ ಕಣ್ಣು ಅಲ್ಲೇ ಅಂಟಿಕೊಂಡಿತು.

“ಪರವಾಗಿಲ್ಲ, ಎಲ್ಲರೂ ಮೊದಲು ಅದನ್ನೇ ನೋಡ್ತಾರೆ. ಕೂತ್ಕೊಳ್ಳಿ” ಎಂದರು. ಮೂವತ್ತೈದಿರಬಹುದು. ಕತ್ತರಿಸಿದ ಕೂದಲು, ಬಿಸಿಲಿಗೆ ಕಂದಿದ ಮುಖ.

ಏನಾಯಿತು ಎಂದು ಕೇಳಿದೆ. ಕೇಳಬಾರದಿತ್ತು, ಕೇಳಿದೆ.

“ಮೇಲಿನ ದೊಡ್ಡೀಲಿ ಕುರಿ ಮರಿ ಹಾಕೋಕಾಗದೆ ಒದ್ದಾಡ್ತಿತ್ತು. ಅರ್ಧ ಏರು ಹತ್ತಿದೆ. ಎಂಜಿನ್ ಕೂಗ್ತಿದೆ, ಗಾಡಿ ಮಾತ್ರ ಮುಂದೆ ಹೋಗ್ತಿಲ್ಲ. ಸರಿ, ಗೇರಿನಲ್ಲೇ ಆಫ್ ಮಾಡಿದ್ರೆ ನಿಲ್ಲತ್ತಲ್ವಾ, ಇಳಿದು ತಳ್ಳೋಣ ಅಂತ ಆಫ್ ಮಾಡಿದೆ. ನಿಲ್ಲಲಿಲ್ಲ. ಹಿಂದಕ್ಕೆ ಹೊರಟೇಬಿಡ್ತು. ಬ್ರೇಕ್ ಹಿಡಿದ್ರೆ ಜಲ್ಲಿ ಮೇಲೆ ಚಕ್ರ ಜಾರ್ತು. ಅಷ್ಟೇ.”

“ಕುರಿ?” ಎಂದೆ. ಯಾಕೆ ಅದನ್ನು ಕೇಳಿದೆನೋ.

“ಉಳೀಲಿಲ್ಲ. ಯಾರೂ ಹೋಗಲಿಲ್ಲವಲ್ಲ.”

ಆಮೇಲೆ ದಿಂಬಿನ ಕೆಳಗಿಂದ ಕೈಪಿಡಿ ತೆಗೆದರು. ಮೂವತ್ತೊಂದನೆಯ ಪುಟಕ್ಕೆ ಎಣ್ಣೆಯ ಬೆರಳುಗುರುತು. “ನನ್ನ ಜೊತೆ ಗಾಡಿ ಓಡಿಸೋರು ಯಾರೂ ಈ ಪುಸ್ತಕ ಬಿಚ್ಚೋದೇ ಇಲ್ಲ. ಕೇಳ್ಕೊಂಡು ಹಾಕ್ತಾರೆ. ನಾನು ಮಾತ್ರ ಓದ್ತೀನಿ. ಓದಿದ ದಡ್ಡಿ ನಾನೊಬ್ಬಳೇ ಬಿದ್ದದ್ದು” ಎಂದು ನಕ್ಕರು. “ನೋಡಿ, ಚಾಲಿತ ಅಂದ್ರೆ ಚಾಲೂ ಆಗೋ ಕಡೆ, ಎಂಜಿನ್ನು. ಚಾಲಕ ಅಂದ್ರೆ ಓಡಿಸೋನು. ಓಡಿಸೋನ ಕಾಲ ಕೆಳಗಿರೋದು ಗೇರು, ಕ್ಲಚ್ಚು. ಹೀಗಲ್ವಾ ಅರ್ಥ? ನೀವೇ ಹೇಳಿ.”

ನಾನು ಹೇಳಲಿಲ್ಲ.

ಕೈಪಿಡಿಯ ನಡುವಿನಿಂದ ಇನ್ನೊಂದು ಹಾಳೆ ತೆಗೆದರು. ನನ್ನ ಪತ್ರ. ನನ್ನ ರುಜು. “ಇದನ್ನ ಯಾರು ಬರೆದ್ರೋ ಗೊತ್ತಿಲ್ಲ. ಓದಿ ಎರಡು ದಿನ ಅತ್ತೆ. ಆದ್ರೆ ಭಾಷೆ ಚೆನ್ನಾಗಿದೆ ಅಲ್ವಾ? ನಿರ್ದುಷ್ಟ ಅನ್ನೋ ಪದ ಎಷ್ಟು ವರ್ಷ ಆಗಿತ್ತು ಕೇಳಿ” ಎಂದರು. ವ್ಯಂಗ್ಯವಲ್ಲ. ನಿಜವಾಗಿಯೂ ಹೊಗಳಿದರು.

ಪುಟದ ಫೋಟೋ ತೆಗೆದುಕೊಂಡೆ. ಮೆಟ್ಟಿಲಿಳಿಯುವಾಗ ಎರಡನೆಯ ಮಹಡಿಯಲ್ಲಿ ಕೂತುಬಿಟ್ಟೆ. ನೆಲ ಒರೆಸುವಾಕೆ, “ಅಮ್ಮ, ತಲೆಸುತ್ತಾ?” ಎಂದು ಕೇಳಿದಳು. ಹೌದು ಎಂದೆ.

ಮಾರ್ಚ್ 30, ಭಾನುವಾರ

ಆಕೆ ಒಬ್ಬರೇ ಹಾಗೆ ಓದಿರಬೇಕು. ಕಷ್ಟದಲ್ಲಿರುವವರು ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತಾರೆ. ಬೆಳಗ್ಗೆಯಿಂದ ಇದನ್ನೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ.

ಅಕ್ಕನ ಮುಂದೆ ಪುಟ ಹಿಡಿದೆ. ಎಂಜಿನ್ನಿನ ಕೋಣೆ ಯಾವುದು, ಹೇಳು. ಅವಳು ಕನ್ನಡಕ ಸರಿಮಾಡಿಕೊಂಡು ಓದಿ, “ಚಾಲಿತ” ಎಂದಳು. ಯಾಕೆ ಎಂದೆ. “ಚಾಲೂ, ಚಾಲಿತ. ಇನ್ನೇನು?”

ಕೆಳಮನೆಯ ಗಡಿಯಾರ ರಿಪೇರಿಯವರನ್ನು ಕೇಳಿದೆ. ಅವರೂ ಚಾಲಿತ ಎಂದರು. ಔಷಧಿ ಅಂಗಡಿಯಾಕೆ ಚಾಲಕ ಎಂದಳು, ಆಮೇಲೆ “ಅಲ್ಲ ಅಲ್ಲ, ತಡೀರಿ” ಎಂದಳು. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಒಬ್ಬ ನಿವೃತ್ತ ಮೇಷ್ಟರು ನಾಲ್ಕು ಸಲ ಓದಿ, “ಇದು ಯಾವ ಗ್ರಂಥ?” ಎಂದು ನನ್ನನ್ನೇ ಕೇಳಿದರು. ಒಟ್ಟು ಹತ್ತು ಜನ. ಏಳು ಜನ ತಲೆಕೆಳಗು ಹೇಳಿದರು.

ಹತ್ತರಲ್ಲಿ ಏಳು!

ಮನೆಗೆ ಬಂದಾಗ ನನ್ನ ಮುಖ ನೋಡಿ ಅಕ್ಕ ಹೊಲಿಗೆ ನಿಲ್ಲಿಸಿದಳು. ಎಲ್ಲ ಹೇಳಿದೆ. ಕಾಲು, ಸರಳು, ಪತ್ರ. ಅವಳು ತನ್ನ ಯಂತ್ರದ ಮೇಲೆ ಕೈಯಿಟ್ಟು, “ಇಲ್ಲಿ ನೋಡು. ಎಲ್ಲಿ ಎಣ್ಣೆ ಬಿಡಬೇಕೋ ಅಲ್ಲಿ ಒಂದು ಕೆಂಪು ಚುಕ್ಕಿ ಇಟ್ಟಿದ್ದಾರೆ. ಓದೋಕೆ ಬರದ ನಮ್ಮಮ್ಮನೂ ಇದಕ್ಕೆ ಸರಿಯಾಗೇ ಎಣ್ಣೆ ಬಿಡ್ತಿದ್ಲು” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 2, ಬುಧವಾರ

ಅರ್ಧ ದಿನ ರಜೆ ಹಾಕಿ, ದೂರಿನಲ್ಲಿ ಹೇಳಿದ್ದ ಮೆಕ್ಯಾನಿಕ್ಕನ ಗ್ಯಾರೇಜಿಗೆ ಹೋದೆ. ಪಶುವೈದ್ಯೆ ಡಾಕ್ಟರ ಗಾಡಿ ಅಲ್ಲೇ ಇದೆ. ಮೆಕ್ಯಾನಿಕ್ಕನ್ನು ಎಲ್ಲರೂ ಹತ್ತು-ಹನ್ನೆರಡು ಎಂದು ಕರೆಯುತ್ತಾರೆ. ಹತ್ತು-ಹನ್ನೆರಡರ ಸ್ಪ್ಯಾನರ್ ಅವರ ಕೈ ಬಿಟ್ಟು ಹೋದದ್ದನ್ನು ಯಾರೂ ನೋಡಿಲ್ಲವಂತೆ. ಅರುವತ್ತು ದಾಟಿದ ಕೃಶ ಶರೀರ. ಕೈಪಿಡಿ ಬರೆದವಳು ನಾನೇ ಎಂದು ಅವರಿಗೆ ಹೇಳಿಬಿಟ್ಟೆ. ಅವರು ಅಡಿಯಿಂದ ಮುಡಿಯವರೆಗೆ ನೋಡಿ, “ಗಾಡಿ ಓಡಿಸ್ತೀರಾ?” ಎಂದರು. ಇಲ್ಲ ಎಂದೆ. “ಸರಿ” ಎಂದರು. ಆ ಒಂದು ಸರಿ ಕೆನ್ನೆಗೆ ಬಾರಿಸಿದ ಹಾಗಿತ್ತು.

ಒಂದು ತಟ್ಟೆಯಲ್ಲಿ ಕ್ಲಚ್ಚಿನ ಹಳೆಯ ಪ್ಲೇಟುಗಳನ್ನು ತಂದು ತೋರಿಸಿದರು. ಉಂಗುರದಂಥ ಬಿಲ್ಲೆಗಳು, ಒಂದರ ಮೇಲೊಂದು. “ಇವು ಒಂದನ್ನೊಂದು ಅದುಮಿ ಹಿಡ್ಕೊಂಡ್ರೆ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗತ್ತೆ. ಎಣ್ಣೇಲೇ ಮುಳುಗಿರತ್ವೆ, ಆದ್ರೂ ಹಿಡ್ಕೋಬೇಕು. ಅದಕ್ಕೇ ಇಲ್ಲಿಗೆ ಜಾರೋ ಮದ್ದು ಇರೋ ಎಣ್ಣೆ ಹಾಕೋ ಹಾಗಿಲ್ಲ. ಹಾಕಿದ್ರೆ ಇವಕ್ಕೆ ಸೋಪು ಹಚ್ಚಿದ ಹಾಗೆ. ಎಂಜಿನ್ ಕೂಗತ್ತೆ, ಗಾಡಿ ನಿಲ್ಲೋದೂ ಇಲ್ಲ, ಹೋಗೋದೂ ಇಲ್ಲ. ಮುಟ್ಟಿ ನೋಡಿ.”

ಮುಟ್ಟಿದೆ. ಬೆರಳಿನಿಂದ ಬೆರಳಿಗೆ ಜಾರಿ ಪ್ಲೇಟು ನೆಲಕ್ಕೆ ಬಿತ್ತು. ಹದಿನೇಳು ವರ್ಷ ಘರ್ಷಣೆ ಘರ್ಷಣೆ ಎಂದು ಬರೆದಿದ್ದೇನೆ. ಅದು ಹೀಗಿರುತ್ತದೆ ಎಂದು ಇವತ್ತು ಗೊತ್ತಾಯಿತು.

ಅವರು ಹೊಸ ಪ್ಲೇಟು ಹಾಕಿ ಮುಚ್ಚಿ ಆಗಿತ್ತು, ಎಣ್ಣೆ ತುಂಬುವುದಷ್ಟೇ ಬಾಕಿ. ನಾನು ನನ್ನ ಪುಸ್ತಕದ ಪರವಾಗಿ ಏನೋ ಹೇಳಿದೆ. ಸಮಾಧಾನದಿಂದ ಓದಿದರೆ ಅರ್ಥವಾಗುತ್ತದೆ ಎಂದೋ ಏನೋ. ಅವರು ಎರಡು ಡಬ್ಬಿ ತಂದು ಮುಂದಿಟ್ಟು, “ಬನ್ನಿ. ನಿಮ್ಮ ಪುಸ್ತಕ ನೋಡಿ ನೀವೇ ಹಾಕಿ. ನಾನು ಬಾಯಿ ಬಿಡಲ್ಲ” ಎಂದರು.

ತಗಡಿನ ಮಾಡಿನ ಕೆಳಗೆ ಬೆಳಕು ಕಡಿಮೆ. ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಎಡಕ್ಕೊಂದು ಬೋಲ್ಟು, ಬಲಕ್ಕೊಂದು ಬೋಲ್ಟು. ಕೈಯೆಲ್ಲ ಜಿಡ್ಡು, ಪುಟ ತಿರುವಿದರೆ ಹಾಳೆಯೂ ಜಿಡ್ಡು. ಬಲಗಡೆ ಕ್ಲಚ್ಚು, ಅಂದರೆ ಚಾಲಿತ ಕೋಶ, ಸಾಲು ಹುಡುಕಿದೆ, ಓದಿದೆ, ಡಬ್ಬಿ ಎತ್ತಿ ಬಗ್ಗಿಸಿದೆ. ಹತ್ತು-ಹನ್ನೆರಡು ನನ್ನ ಮುಂಗೈ ಗಬಕ್ಕನೆ ಹಿಡಿದರು.

“ಏನು ಓದಿದ್ರಿ?”

“ಚಾಲಿತ ಕೋಶ, ಯುಕ್ತ...”

“ಇನ್ನೊಂದ್ಸಲ ಓದಿ.”

ಕಣ್ಣು ಹತ್ತಿರ ತಂದು ಓದಿದೆ. ಮುಕ್ತ. ಜಿಡ್ಡು ತಗುಲಿದ ಹಾಳೆಯ ಮೇಲೆ ಮು ನನಗೆ ಯು ಆಗಿ ಕಂಡಿತ್ತು. ನಾನೇ ಹುಡುಕಿದ ಪದ, ನಾನೇ ಇಟ್ಟ ಪ್ರಾಸ. ನನ್ನ ಕೈಯಲ್ಲಿದ್ದದ್ದು ಜಾರುವ ಎಣ್ಣೆಯ ಡಬ್ಬಿ.

ಏಪ್ರಿಲ್ 3, ಗುರುವಾರ

ನಾನೇ ತಪ್ಪು ಓದಿದೆ. ಬರೆದವಳೇ.

ಏಪ್ರಿಲ್ 7, ಸೋಮವಾರ

ಮ್ಯಾನೇಜರ ಕೋಣೆಗೆ ಹೋಗಿ, ಇಲ್ಲಿ ಮಾರಾಟವಾದ ಗಾಡಿಗಳ ಮಾಲೀಕರಿಗೆಲ್ಲ ತಿದ್ದುಪಡಿ ಚೀಟಿ ಕಳಿಸಬೇಕು ಎಂದೆ. ನಲವತ್ತೊಂದು ಗಾಡಿ ಅಷ್ಟೇ.

“ಪುಸ್ತಕ ತಪ್ಪಿಲ್ಲ ಅಂತ ನೀವೇ ಬರ್ದುಕೊಟ್ಟಿದ್ದೀರಿ.”

“ತಪ್ಪಿಲ್ಲ ಸಾರ್. ಆದ್ರೆ ಅದನ್ನ ಓದಿದ್ರೆ ತಪ್ಪೇ ತಿಳಿಯತ್ತೆ.”

“ಹಾಗಂದ್ರೆ? ಅರ್ಥ ಆಗ್ಲಿಲ್ಲ ಅಂದ್ರೆ ನಿಘಂಟು ನೋಡ್ಬೇಕಿತ್ತು.”

“ಗಾಡಿ ಪಕ್ಕ ಕೂತು, ಕೈಯಲ್ಲಿ ಎಣ್ಣೆ ಹಿಡ್ಕೊಂಡಾ?”

ಅವರು ಎದ್ದು ಬಾಗಿಲು ಮುಚ್ಚಿದರು. ಆಮೇಲೆ ದನಿ ತಗ್ಗಿಸಿ, “ಮೇಡಂ, ಚೀಟಿ ಕಳಿಸಿದ್ರೆ ತಪ್ಪು ಒಪ್ಕೊಂಡ ಹಾಗೆ. ಚಿತ್ರ ತೆಗೀರಿ ಅಂತ ಹೇಳಿದ್ದು ನಾನು. ಮೇಲಿನೋರು ನನ್ನನ್ನ ಸುಮ್ನೆ ಬಿಡ್ತಾರಾ?” ಎಂದರು. ಕೆಟ್ಟ ಮನುಷ್ಯರಲ್ಲ. ಚಿತ್ರ ಬೇಡ ಎಂದದ್ದು ನಾನು, ಅದನ್ನೇ ಬರೆಯಿರಿ ಎಂದೆ.

ಮಾರ್ಚ್ 21ರ ಪತ್ರವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಬರೆದಿದ್ದ ಕಾಗದವನ್ನು ಮೇಜಿನ ಮೇಲಿಟ್ಟೆ. ಮೂರೇ ಸಾಲು. ಅವರು ಅದನ್ನು ಮುಟ್ಟಲಿಲ್ಲ, ಬಗ್ಗಿ ಓದಿದರು. ಓದಿ, “ವಿಚಾರಣೆ ಮುಗಿಯೋ ತನಕ ನೀವು ಆಫೀಸಿಗೆ ಬರೋದು ಬೇಡ” ಎಂದರು.

ಹದಿನೇಳು ವರ್ಷ ಕೂತ ಕುರ್ಚಿಯಿಂದ ಚೀಲ ಎತ್ತಿಕೊಂಡು ಬಂದೆ. ನೀರಿನ ಲೋಟ ಅಲ್ಲೇ ಮರೆತೆ.

ಏಪ್ರಿಲ್ 11, ಶುಕ್ರವಾರ

ಆಸ್ಪತ್ರೆಗೆ ಹೋದೆ. ಈ ಸಲ ನಾನಾಗಿಯೇ.

ಕೂರುವ ಮೊದಲೇ ಹೇಳಿದೆ. ಪುಸ್ತಕ ಬರೆದದ್ದು ನಾನು, ಆ ಪತ್ರ ಬರೆದದ್ದೂ ನಾನು. ಗ್ಯಾರೇಜಿನಲ್ಲಿ ನಾನೇ ತಪ್ಪು ಡಬ್ಬಿ ಎತ್ತಿದ್ದನ್ನೂ ಹೇಳಿದೆ. ಪತ್ರ ಹಿಂದಕ್ಕೆ ಪಡೆದ ಕಾಗದದ ಪ್ರತಿಯನ್ನು ಕೈಗೆ ಕೊಟ್ಟೆ.

ಡಾಕ್ಟರು ಅದನ್ನು ಓದಿ, ಮಡಚಿ, ಕೈಪಿಡಿಯೊಳಗಿಟ್ಟರು. ಪಕ್ಕದ ಹಾಸಿಗೆಯ ಅಜ್ಜಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದವಳು ನಿಲ್ಲಿಸಿ ನಮ್ಮನ್ನೇ ನೋಡತೊಡಗಿದಳು.

“ಪುಸ್ತಕ ಬಿಡಿ, ಯಾರ ಕೈಲಾದ್ರೂ ತಪ್ಪಾಗತ್ತೆ” ಎಂದರು ಕೊನೆಗೆ. “ಆದ್ರೆ ಮೊನ್ನೆ ಇದೇ ಕುರ್ಚೀಲಿ ಕೂತು, ನನ್ನ ಕಾಲು ನೋಡ್ತಾ, ನಾನು ನಿಮ್ಮ ಭಾಷೆ ಹೊಗಳಿದ್ದನ್ನ ಕೇಳಿಸ್ಕೊಂಡು ಸುಮ್ನಿದ್ರಲ್ಲ. ಅದು ಹೇಗೆ ಸಾಧ್ಯ ಆಯ್ತು ನಿಮಗೆ?”

ನಾನು ಕುರ್ಚಿಯ ತುದಿಗೆ ಸರಿದೆ.

“ಮಂಡಿ ಇನ್ನು ಅರ್ಧಾನೇ ಮಡಚೋದಂತೆ. ಒಂದು ವರ್ಷ ಗಾಡಿ ಹತ್ತೋ ಹಾಗಿಲ್ಲ. ಮೇಲೆ ಒಂಬತ್ತು ದೊಡ್ಡಿಗಳಿವೆ. ಹೋಗಿ ಈಗ.”

ಎದ್ದು ಬಂದೆ. ಕ್ಷಮಿಸಿ ಎಂದು ಹೇಳಲು ಹೋದವಳು ಅದನ್ನು ಹೇಳಲೇ ಇಲ್ಲ ಎಂದು ಬಸ್ಸಿನಲ್ಲಿ ನೆನಪಾಯಿತು.

ಏಪ್ರಿಲ್ 15, ಮಂಗಳವಾರ

ಮಧ್ಯಾಹ್ನ ಫೋನು. ಡಾಕ್ಟರು.

“ತಿದ್ದುಪಡಿ ಬರೆದಿದ್ದೀರಾ?” ನಮಸ್ಕಾರ ಇಲ್ಲ, ಏನಿಲ್ಲ.

ಬರೆದಿದ್ದೆ. ಏಳು ಸಲ.

“ಓದಿ.”

ಓದಿದೆ: “ಎಡಬದಿಯ ಕೋಶವು ಎಂಜಿನ್ನಿಗೆ ಸಂಬಂಧಿಸಿದ್ದು...”

“ಕೋಶ ಬೇಡ. ಸಂಬಂಧಿಸಿದ್ದು ಯಾಕೆ, ಬೀಗರಾ? ಗಾಡಿ ಮೇಲೆ ಕೂತವನಿಗೆ ಎಡಗೈ ಯಾವುದು ಅಂತ ಗೊತ್ತಿರತ್ತೆ. ಅಲ್ಲಿಂದ ಶುರು ಮಾಡಿ.”

ಬರೆದುಕೊಂಡೆ. ಅವರು ಮಾತು ಮಾತಿಗೂ ತಡೆದರು. ನಾನು ಹೊಡೆದುಹಾಕಿದೆ, ಮತ್ತೆ ಓದಿದೆ. ಅವರಿಗೆ ನೋವಾದಾಗ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು, ಆಗ ನಾನು ನಿಲ್ಲಿಸಿದರೆ “ಯಾಕೆ ನಿಲ್ಸಿದ್ರಿ?” ಎಂದು ಗದರುತ್ತಿದ್ದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಇಷ್ಟು ಉಳಿಯಿತು:

‘ಗಾಡಿಯ ಮೇಲೆ ಕೂತು ನೋಡಿ. ನಿಮ್ಮ ಎಡಕ್ಕೆ ಎಂಜಿನ್. ಬಲಕ್ಕೆ ಕ್ಲಚ್. ಜಾರುವ ಮದ್ದು ಬೆರೆತ ಎಣ್ಣೆ ಎಡಕ್ಕೆ ಮಾತ್ರ. ಬಲಕ್ಕೆ ಹಾಕಿದರೆ ಗಾಡಿ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ, ನೀವು ಬೀಳುತ್ತೀರಿ. ಆಗಲೇ ಹಾಕಿದ್ದರೆ ಓಡಿಸಬೇಡಿ. ಎಣ್ಣೆ ತೆಗೆಸಿ, ಕ್ಲಚ್ಚಿನ ಪ್ಲೇಟನ್ನೂ ಬದಲಾಯಿಸಿ.’

“ನೀವು ಬೀಳುತ್ತೀರಿ ಅನ್ನೋದನ್ನ ಮೇಲಿನವರು ಒಪ್ಪಲ್ಲ” ಎಂದೆ ಅಭ್ಯಾಸಬಲದಿಂದ.

“ಯಾವ ಮೇಲಿನವರು? ನಾನು ಒಪ್ಪಿದ್ದೀನಿ” ಎಂದರು. ಗಾಡಿ ಓಡಿಸುವವರ ಗುಂಪಿನಿಂದ ವಿಳಾಸಗಳನ್ನು ಸೇರಿಸಿ ಕಳಿಸುತ್ತೇನೆ ಎಂದು ಫೋನಿಟ್ಟರು.

ಏಪ್ರಿಲ್ 26, ಶನಿವಾರ

ಚೀಟಿ ಹಿಡಿದು ಹದಿನೆಂಟು ಮನೆ ಸುತ್ತಿ ಆಯಿತು. ಅಂಚೆಯಲ್ಲಿ ಕಳಿಸಬಹುದಿತ್ತು, ಆದರೆ ಬಂದ ಕಾಗದವನ್ನು ಯಾರು ಬಿಚ್ಚುತ್ತಾರೋ, ಯಾರು ಬಿಡುತ್ತಾರೋ. ಅಕ್ಕ ಚೀಟಿಗಳಿಗೆ ಹಿಂದಿನಿಂದ ದಪ್ಪ ಬಟ್ಟೆ ಹೊಲಿದುಕೊಟ್ಟಿದ್ದಾಳೆ, ಎಣ್ಣೆಗೆ ಹರಿಯದಿರಲಿ ಎಂದು.

ಹೆಚ್ಚಿನವರು ಪುಸ್ತಕವನ್ನೇ ಬಿಚ್ಚಿಲ್ಲ. ಇದನ್ನು ಕೇಳಿ ನನಗೆ ಖುಷಿಯಾಗುತ್ತಿದೆ! ಒಬ್ಬ ಅದನ್ನು ಮೇಜಿನ ಕುಂಟುಕಾಲಿಗೆ ಕೊಟ್ಟಿದ್ದ. ಅಲ್ಲೇ ಇರಲಿ ಎಂದೆ.

ಡಾಕ್ಟರ ಗಾಡಿಯನ್ನು ಹತ್ತು-ಹನ್ನೆರಡು ಸರಿಮಾಡಿ ಇಟ್ಟಿದ್ದಾರೆ. ದೊಡ್ಡಿಗಳಿಗೆ ಬೇರೆ ಊರಿನಿಂದ ವಾರಕ್ಕೊಮ್ಮೆ ಬೇರೊಬ್ಬ ಡಾಕ್ಟರು ಬರುತ್ತಾರಂತೆ, ಅವರು ಅದರಲ್ಲೇ ಹೋಗುತ್ತಾರೆ. ನಿನ್ನೆ ಎಡದ ಬೋಲ್ಟು ನಾನೇ ಬಿಚ್ಚಿ ಹಳೆಯ ಆಯಿಲ್ ತೆಗೆದೆ. ಬಿಸಿ ಇರುವಾಗಲೇ ತೆಗೆಯಬೇಕು, ತಳದ ಕೆಸರೂ ಜೊತೆಗೆ ಬರುತ್ತದೆ. ತಾಮ್ರದ ವಾಷರ್ ಬೀಳದ ಹಾಗೆ ಬೆರಳು ಅಡ್ಡ ಇಡಬೇಕು. ಬೆರಳು ಸುಟ್ಟಿತು. ಇವತ್ತು ಪೆನ್ನು ಹಿಡಿಯಲು ಕಷ್ಟ, ಇಲ್ಲಿಗೆ ಸಾಕು.

ಮೇ 4, ಭಾನುವಾರ

ಮೂವತ್ತಮೂರನೆಯ ಮನೆ. ಬಸ್ಸಿಳಿದು ಒಂದು ಗಂಟೆ ಏರು ನಡೆದೆ. ಬೆಟ್ಟದ ತುದಿಯ ಫೋನ್ ಟವರು ನೋಡಿಕೊಳ್ಳುವವನ ಮನೆ. ವಾರಕ್ಕೆ ಮೂರು ಸಲ ಗಾಡಿಯಲ್ಲಿ ಮೇಲಕ್ಕೆ ಹೋಗುತ್ತಾನೆ. ಹೆಂಡತಿ ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು. ಅವನು ಸ್ಟ್ಯಾಂಡಿನ ಮೇಲೆ ಗಾಡಿ ನಿಲ್ಲಿಸಿ ಚೈನು ಒರೆಸುತ್ತಿದ್ದ.

ಚೀಟಿ ಕೊಟ್ಟೆ. ನಿಂತುಕೊಂಡೇ ಓದಿದ. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಒಳಗೆ ಹೋಗಿ ಕೈಪಿಡಿ ತಂದ. ಮೂವತ್ತೊಂದನೆಯ ಪುಟ ಮಡಚಿತ್ತು. ಚಾಲಕ, ಚಾಲಿತ ಎರಡರ ಕೆಳಗೂ ಪೆನ್ಸಿಲಿನಲ್ಲಿ ಗೆರೆ, ಪಕ್ಕದಲ್ಲಿ ಅರ್ಥ ಬರೆದುಕೊಂಡಿದ್ದ. ಎರಡೂ ತಿರುವುಮುರುವು. ಅಕ್ಷರ ದುಂಡಗೆ, ಶಾಲೆಯ ಹುಡುಗ ಬರೆದ ಹಾಗೆ.

“ಯಾವಾಗ ಹಾಕಿದ್ದು?” ಎಂದೆ.

“ಮೂರು ವಾರ ಆಯ್ತು.” ಅವನು ಗಾಡಿಯನ್ನೇ ನೋಡುತ್ತಿದ್ದ. “ಏರಿನಲ್ಲಿ ಕೂಗ್ತಿತ್ತು. ಮೇಲೆ ಹೋಗೋಕೆ ಒಪ್ತಿರಲಿಲ್ಲ. ನನಗೇ ಓಡಿಸೋಕೆ ಬರಲ್ಲ ಅಂದ್ಕೊಂಡಿದ್ದೆ. ಇವಳಿಗೂ ಹಾಗೇ ಹೇಳಿದ್ದೆ. ಈ ಕೆಲಸ ನನ್ನ ಕೈಲಾಗಲ್ಲ, ಬಿಟ್ಟುಬಿಡ್ತೀನಿ ಅಂತ.”

ಮೂರು ವಾರ, ವಾರಕ್ಕೆ ಮೂರು ಸಲ. ಒಂಬತ್ತು ಸಲ ಹತ್ತಿದ್ದಾನೆ, ಒಂಬತ್ತು ಸಲ ಇಳಿದಿದ್ದಾನೆ. ಹಿಂತಿರುಗಿ ದಾರಿ ನೋಡಿದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ, ಬರೀ ಗಾಳಿ. ಅಲ್ಲೇ ಕಲ್ಲಿನ ಮೇಲೆ ಕೂತೆ.

ಹೆಂಡತಿ ನೀರು ತಂದುಕೊಟ್ಟಳು. “ಕಂಪನೀಲಿ ಇದ್ದೀರಾ?”

“ಇಲ್ಲಮ್ಮ. ಆ ಪುಸ್ತಕ ಬರೆದವಳು ನಾನು.”

ಅವಳು ನನ್ನನ್ನೂ ಗಂಡನನ್ನೂ ದಾರಿಯನ್ನೂ ನೋಡಿದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಗಂಡನ ಕಡೆ ತಿರುಗಿ, “ಕೇಳಿಸ್ತಾ? ನಿನ್ನ ಕೈ ಸರಿಯಾಗೇ ಇದೆ” ಎಂದಳು.

ನಾನು ತೋಳಿನ ಬಟ್ಟೆ ಮಡಚಿ ಗಾಡಿಯ ಬಲಕ್ಕೆ ಹೋಗಿ ಕೂತೆ. ಹತ್ತು-ಹನ್ನೆರಡಕ್ಕೆ ಫೋನು ಮಾಡಿ ಪ್ಲೇಟು ತರಲು ಹೇಳಿದೆ. ಸಂಜೆಯೊಳಗೆ ಬರುತ್ತೇನೆ, ಅಷ್ಟರಲ್ಲಿ ಆಯಿಲ್ ತೆಗೆದಿರಿ ಎಂದರು. ಸ್ಪ್ಯಾನರ್ ಕೊಡಪ್ಪ ಎಂದೆ, ಕೊಟ್ಟ. ಕೆಳಗೆ ಬಟ್ಟಲು ಇಟ್ಟು ಬೋಲ್ಟು ತಿರುಗಿಸಿದೆ.

ಅಷ್ಟೂ ಎಣ್ಣೆ ಇಳಿಯುವವರೆಗೆ ಮೂವರೂ ನೋಡುತ್ತ ಕೂತಿದ್ದೆವು.